ನಾಲ್ಕು ಕೊಡಗಳ ನಾರ್ವೆ

ನನ್ನ ಗಂಡ ಮಚ್ಛೇಂದ್ರ ಅವರು ನಾರ್ವೆ ದೇಶದ ನಾಟಕ ಓದತೊಡಗಿದ್ದು ಸಾಹಿತ್ಯದ ಪ್ರೀತಿಯಿಂದಲ್ಲ, ಪುಸ್ತಕದ ತೂಕ ನೋಡಿ. ಹೆಂಡತಿಯಾದವಳು ಇದನ್ನು ಬರೆದು ಹೇಳುವುದು ಸರಿಯಲ್ಲವೆಂದು ನನಗೆ ಗೊತ್ತಿದೆ. ಆದರೆ ಆಮೇಲೆ ನಮ್ಮ ಓಣಿಯಲ್ಲಿ ನಡೆದದ್ದನ್ನು ಭಾಲ್ಕಿಯ ಜನ ತಲೆಗೊಂದು ರೀತಿ ಹೇಳುತ್ತಿದ್ದಾರೆ. ಮನೆಯವರ ಕಡೆಯಿಂದಲೂ ಒಂದು ಹೇಳಿಕೆ ಇರುವುದು ಒಳ್ಳೆಯದು.

ಇವರು ಔರಾದ ತಾಲ್ಲೂಕಿನ ಕಚೇರಿಯಲ್ಲಿ ಕುಡಿಯುವ ನೀರಿನ ವಿಭಾಗದ ಗುಮಾಸ್ತರು. ಬೆಳಿಗ್ಗೆ ಭಾಲ್ಕಿಯಿಂದ ಬಸ್ಸು ಹಿಡಿದು ಔರಾದಕ್ಕೆ ಹೋಗಿ, ಯಾವ ಹಳ್ಳಿಗೆ ಯಾವ ಟ್ಯಾಂಕರ್ ಹೋಯಿತು ಎಂದು ಬರೆದು, ಸಂಜೆ ಬಾಯಾರಿಕೊಂಡು ಮನೆಗೆ ಬರುತ್ತಾರೆ. ನಮ್ಮ ಭಾಲ್ಕಿಯ ನೀರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಓಣಿಗೆ ತಿಳಿಸಿ ಹೇಳಲು ನಾವು ವರ್ಷಗಟ್ಟಲೆ ಪ್ರಯತ್ನಿಸಿದ್ದೇವೆ. ನೀರಿನ ಆಫೀಸೆಂದರೆ ನೀರಿನ ಆಫೀಸು ಎಂಬುದು ಓಣಿಯ ನಿಲುವು.

ನನ್ನ ತಂಗಿಯ ಗಂಡ ಬಸವರಾಜ ಬೀದರಿನಲ್ಲಿ ಕಾಲೇಜು ಅಧ್ಯಾಪಕ. ಒಮ್ಮೆ ಅವರ ಮನೆಯ ತೊಟ್ಟಿಲ ಕಾರ್ಯದಲ್ಲಿ, ಪಂಕ್ತಿಯ ನಡುವೆ, "ನಮ್ಮ ಅಣ್ಣಾರದು ಟ್ಯಾಂಕರ್ ಲೆಕ್ಕ ಬಿಡ್ರಿ. ಸಾಹಿತ್ಯ ಅಂಬೂದು ಬ್ಯಾರೇ ದಾರಿ" ಎಂದ. ಇವರು ಹುಗ್ಗಿ ನುಂಗಿ, "ನಾನೂ ಎಂ.ಎ. ಮಾಡ್ಲಾಕತ್ತೀನಿ, ನಾಟಕದಾಗ" ಎಂದುಬಿಟ್ಟರು. ಹಾಗೇನೂ ಇರಲಿಲ್ಲ. ಆಡಿದ ಮಾತನ್ನು ನಿಜ ಮಾಡಲು ಮಾರನೆಯ ದಿನವೇ ಬೀದರಿನ ಅಧ್ಯಯನ ಕೇಂದ್ರಕ್ಕೆ ಹೋಗಿ ದೂರಶಿಕ್ಷಣಕ್ಕೆ ಹೆಸರು ಹಚ್ಚಿದರು.

ಕೊನೆಯ ವರ್ಷದಲ್ಲಿ ಒಂದು ಐಚ್ಛಿಕ ವಿಷಯ ಆರಿಸಬೇಕಿತ್ತು. ಇವರು ಕೇಂದ್ರದ ಮೇಜಿನ ಮೇಲಿದ್ದ ಪುಸ್ತಕಗಳನ್ನು ಕಲ್ಲಂಗಡಿ ಎತ್ತಿ ನೋಡುವಂತೆ ಒಂದೊಂದಾಗಿ ಎತ್ತಿ ನೋಡಿದರಂತೆ. ಭಾರತೀಯ ನಾಟಕ ಇಟ್ಟಂಗಿಯಂತಿತ್ತು. ಗ್ರೀಕ್ ನಾಟಕವನ್ನು ತಲೆದಿಂಬು ಮಾಡಿಕೊಳ್ಳಬಹುದಿತ್ತು. ಸಮಕಾಲೀನ ಸ್ಕ್ಯಾಂಡಿನೇವಿಯನ್ ನಾಟಕ ಲಗ್ನಪತ್ರಿಕೆಯಷ್ಟು ತೆಳ್ಳಗಿತ್ತು. ಬಿಡಿಸಿದರೆ ಹಾಳೆಯ ಮುಕ್ಕಾಲು ಭಾಗ ಬೆಳ್ಳಗೆ ಖಾಲಿ.

"ಮಾತೇ ಇಲ್ಲ ಪ್ರಮಿಲಾ. ಬರೇ 'ಮೌನ', 'ದೀರ್ಘ ಮೌನ' ಅಂತ ಬರ್ದಾರ. ಇದರಾಗ ನಪಾಸ ಆಗ್ಲಾಕ ಏನಾದ?" ಎಂದು ಮನೆಗೆ ಬಂದು ನಕ್ಕರು.

ಎರಡು ಸಲ ನಪಾಸಾದರು. ಆಡಿದ ಮಾತಿನ ಬಗ್ಗೆ ನಾಲ್ಕು ಪುಟ ಬರೆಯಬಹುದು, ಆಡದ ಮಾತಿನ ಬಗ್ಗೆ ಬರೆಯುವುದು ಕಷ್ಟ ಎಂದು ತಡವಾಗಿ ತಿಳಿಯಿತು. ಮೂರನೆಯ ಸಲ ಕೊನೆಯದು. ಅದು ತಪ್ಪಿದರೆ ನೋಂದಣಿ ರದ್ದಾಗಿ ಎಲ್ಲವೂ ಮೊದಲಿನಿಂದ. ಆ ವರ್ಷ ಲಿಖಿತ ಪರೀಕ್ಷೆಯ ಜೊತೆಗೆ, ಒಂದು ನಾಟಕದ ದೃಶ್ಯ ಆಡಿಸಿ ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕೆಂಬ ನಿಯಮವೂ ಬಂತು. ದಿನ ಭಾನುವಾರ, ಜಾಗ ಬೀದರ.

ನಾಟಕ ಇಷ್ಟೇ. ಒಂದು ಒಂಟಿ ಮನೆ. ಹೊರಗೆ ಹಿಮ ಬಿದ್ದು ದಾರಿ ಮುಚ್ಚಿದೆ. ಒಳಗೆ ಒಬ್ಬ ಮುದುಕಿ, ಅವಳ ಮಗ, ಸೊಸೆ, ಒಬ್ಬ ಅತಿಥಿ. ಹಿಮ ಸರಿಸುವ ಗಾಡಿ ಬರಬೇಕು. ಕಾಯುತ್ತಾರೆ. ಗಾಡಿ ಬರುವುದಿಲ್ಲ. ಪರದೆ.

ಅದು ಎರಡು ಸಾವಿರದ ಹದಿನಾರನೇ ಇಸವಿಯ ಬೇಸಿಗೆ. ಮಾಂಜ್ರಾ ನದಿಯ ಮರಳಿನಲ್ಲಿ ನಾಯಿಗಳು ಮಲಗುತ್ತಿದ್ದವು. ಕಾಳು ಮಾರುವ ಗಂಜ್ ಹಿಂದಿನ ನಮ್ಮ ಓಣಿಯಲ್ಲಿ ಸಂಜೆ ರೈಲಿನ ಹೊತ್ತಿಗೆ ಒಂದಲ್ಲ ಒಂದು ಮನೆಯ ಬಾಗಿಲಿಗೆ ಬೀಗ ಬೀಳುತ್ತಿತ್ತು. ಇಂಥ ಹೊತ್ತಿನಲ್ಲಿ ಇವರು ನಾಲ್ವರು ನಟರನ್ನು ಹೊಂದಿಸಿದ್ದರು. ಮುದುಕಿಯಾಗಿ ಎದುರುಮನೆಯ ಅಂಜನಾಬಾಯಿ ಆಯಿ, ಮಗ ಮತ್ತು ಸೊಸೆಯಾಗಿ ಪಕ್ಕದ ಮನೆಯ ಮಾಣಿಕ ಮತ್ತು ಅವನ ಹೆಂಡತಿ ಕಾಂತಾಬಾಯಿ, ಅತಿಥಿಯಾಗಿ ಓಣಿಯ ಬಾಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಯುನುಸ. ಯುನುಸನಿಗೆ ಬೇಕಾದಷ್ಟು ಬಿಡುವಿತ್ತು. ತೂತು ಹುಡುಕಲು ಟ್ಯೂಬು ಅದ್ದುವುದಕ್ಕೆ ತಗಡಿನ ಬುಟ್ಟಿಯಲ್ಲಿ ನೀರಿಲ್ಲದೆ, ಅವನು ಟ್ಯೂಬನ್ನು ಕೆನ್ನೆಗೆ ಹಿಡಿದು ಗಾಳಿ ಎಲ್ಲಿ ಸೋಕುತ್ತದೆಂದು ಕಣ್ಣು ಮುಚ್ಚಿ ಕಾಯುತ್ತ ಕೂರುತ್ತಿದ್ದ. ಆ ಭಂಗಿ ನೋಡಿಯೇ ಇವರು ಅವನನ್ನು ಆರಿಸಿದ್ದು.

ಆಯಿಗೆ ಕಥೆ ತಿಳಿಸಿ ಹೇಳುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು.

"ಈ ಮುದುಕಿ ಎದಕ್ಕ ಸುಮ್ ಕುಂತಾಳ ಮಚ್ಛೇಂದ್ರಣ್ಣಾ? ಸೊಸಿ ಮ್ಯಾಲ ಸಿಟ್ಟೇನು?"

"ಇಲ್ಲ ಆಯಿ, ಹಿಮ ಬಿದ್ದಾದ."

"ಅಂಗಳದಾಗ ಬಿದ್ದಾದ. ಬಾಯಿ ಮ್ಯಾಲ ಬಿದ್ದಿಲ್ಲಲ್ಲ. ಹಿಮ ಅಂದ್ರ ಏನದು?"

"ನೀರೇ ಆಯಿ. ಗಟ್ಟಿ ಆಗಿ ಮ್ಯಾಲಿಂದ ಬೀಳ್ತದ. ಮನಿ ಮುಂದ ಆಳೆತ್ತರ ನಿಂದರ್ತದ."

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮನಿ ಮುಂದ ಆಳೆತ್ತರ ನೀರು. ಅದನ್ನ ಒಯ್ಲಾಕ ಗಾಡಿ ಬರ್ಲಿ ಅಂತ ಇವರು ಕುಂತಾರ?"

"ಹೌದು."

"ಹುಚ್ಚ ಮಂದಿ" ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ, "ಆ ಊರಿಗಿ ನಮ್ಮ ಟೇಸನ್‌ದಿಂದ ರೈಲ ಅದೇನು?" ಎಂದು ಕೇಳಿದಳು.

ಒಂದು ವಾರ ತಾಲೀಮು ನಡೆಯಿತು. ಅಷ್ಟರಲ್ಲಿ ಮಾಣಿಕ ಮತ್ತು ಕಾಂತಾಬಾಯಿ ಬೀಗ ಹಾಕಿ ಪುಣೆಗೆ ಹೋದರು, ಕಟ್ಟಡ ಕೆಲಸಕ್ಕೆ. ಮಗ, ಸೊಸೆ ಇಬ್ಬರೂ ಇಲ್ಲದೆ ಇವರು ಗಾಬರಿಯಾಗಿ ಬೀದರಿಗೆ ಓಡಿದರು. ಕೇಂದ್ರದ ಅಧ್ಯಾಪಕ ಗೋರಖನಾಥ ಸರ್ ಹರ್ಷಪಟ್ಟರಂತೆ. "ಭಾಳ ಛಲೋ ಆತ್ರಿ. ಈ ನಾಟಕದಾಗ ಇರೂ ಮಂದಿಕಿಂತ ಇಲ್ಲದ ಮಂದಿ ಮುಖ್ಯ. ಇಲ್ಲದವರು ಕಾಣ್ಬೇಕು, ಹಂಗ ತೋರಸ್ರಿ."

ಇಲ್ಲದವರನ್ನು ತೋರಿಸುವಂಥದು ಏನಿದೆ ಎಂದು ಇವರು ಗುರುವಾರ ಬೆಳಿಗ್ಗೆ ರಜೆ ಹಾಕಿ ಮನೆಯೆಲ್ಲ ಹುಡುಕಿದರು. ನಮ್ಮ ಮನೆಯಲ್ಲಿ ಖಾಲಿ ಕೊಡಗಳಿಗೇನೂ ಬರ ಇರಲಿಲ್ಲ. ಎರಡು ಕೊಡ ಎತ್ತಿಕೊಂಡು ಹೋಗಿ ಮನೆ ಮುಂದೆ, ಬೇವಿನ ಗಿಡದ ನೆರಳಲ್ಲಿ, ಮಗನ ಜಾಗದಲ್ಲಿ ಒಂದು, ಸೊಸೆಯ ಜಾಗದಲ್ಲಿ ಒಂದು ಇಟ್ಟರು. ತಾಲೀಮು ಶುರುವಾಯಿತು. ನಡುವೆ ಯಾರದೋ ಮೋಟಾರ್ ಸೈಕಲ್ ಬಂತೆಂದು ಯುನುಸ ಎದ್ದು ಹೋದ. ಅವನ ಜಾಗದಲ್ಲೂ ಒಂದು ಕೊಡ ಬಂತು. ಒಲೆಯ ಮೇಲೆ ಬೇಳೆ ಇದೆಯೆಂದು ಆಯಿಯೂ ಎದ್ದಳು. ನಾಲ್ಕನೆಯ ಕೊಡ. ಇವರು ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ, "ನಾರ್ವೆ" ಎಂದು ತಮಗೆ ತಾವೇ ಹೇಳಿಕೊಂಡು, ಚಹಾ ಕುಡಿಯಲು ಒಳಗೆ ಬಂದರು.

ನಾನು ಕಿಟಕಿಯಿಂದ ನೋಡುತ್ತಿದ್ದೆ. "ಅವನ್ನ ಒಳಗ ಇಟ್ಟು ಬರ್ರಿ" ಎಂದೆ. "ಚಹಾ ಆರ್ತದ" ಎಂದರು.

ಬರಗಾಲದ ಓಣಿಯಲ್ಲಿ ಒಂದು ರಿವಾಜು ಇದೆ. ಕೊಡ ಎಂದರೆ ಆಳು. ಕೊಡ ಇಟ್ಟು ಮನೆಗೆ ಹೋದರೂ ನಂಬರು ಇರುತ್ತದೆ. ಇನ್ನೊಬ್ಬರ ಕೊಡ ಸರಿಸಿದವರ ಮನೆಗೆ ಹೆಣ್ಣು ಕೊಡುವುದಿಲ್ಲ. ಕೊಡಗಳ ಸಾಲು ಕಂಡರೆ ಮೊದಲು ನಮ್ಮ ಕೊಡ ಇಡಬೇಕು, ಯಾತಕ್ಕೆ ಎಂದು ಆಮೇಲೆ ಕೇಳಬೇಕು. ಹಿಂದಿನ ಓಣಿಯ ಶಾಲುಬಾಯಿ ಸೊಂಟದಲ್ಲಿ ಕೊಡ ಇಟ್ಟುಕೊಂಡು ಆ ಕಡೆಯಿಂದ ಹಾದು ಹೋಗುತ್ತಿದ್ದವಳು ನಿಂತಳು. ನೀರಿನ ಆಫೀಸಿನ ಗುಮಾಸ್ತರ ಮನೆ. ಮನೆ ಮುಂದೆ ನಾಲ್ಕು ಕೊಡ. ಅವಳು ಐದನೆಯದನ್ನು ಇಟ್ಟಳು.

ಇವರು ಚಹಾ ಮುಗಿಸಿ ಹೊರಗೆ ಬಂದಾಗ ನಾಟಕದಲ್ಲಿ ಪಾತ್ರಗಳು ಹೆಚ್ಚಾಗಿದ್ದವು. ಸಾಲು ಬೇವಿನ ನೆರಳು ದಾಟಿ ಬಿಸಿಲಿಗೆ ಬಂದಿತ್ತು.

"ಶಾಲುಬಾಯಿ, ಇದು ಪಾಳಿ ಅಲ್ಲ. ಇವು ಮಂದಿ."

"ಹೌದಲ್ರಿ ಸಾಹೇಬ್ರ. ನಮ್ದೂ ಮಂದೀನೇ."

"ಹಂಗಲ್ಲ. ಇದು ಮಾಣಿಕ. ಇದು ಕಾಂತಾಬಾಯಿ."

"ಅವರು ಪುಣಾಕ ಹೋದ್ರಲ್ರಿ."

"ಅದಕ್ಕೇ ಕೊಡ ಇಟ್ಟೇನಿ."

ಶಾಲುಬಾಯಿ ಇವರನ್ನು ಭಕ್ತಿಯಿಂದ ನೋಡಿದಳು. ಅರ್ಧ ತಾಸಿನಲ್ಲಿ ಸುದ್ದಿ ಸ್ಟೇಷನ್ ರಸ್ತೆ ಮುಟ್ಟಿತು. ಊರು ಬಿಟ್ಟು ಹೋದವರಿಗೂ ನಂಬರು ಹಿಡಿದಿಟ್ಟಾರೆಂದರೆ ಬರುವುದು ಸಣ್ಣ ಟ್ಯಾಂಕರ್ ಅಲ್ಲ. ಯಾರೋ ಪುಣೆಗೆ ಫೋನ್ ಮಾಡಿದರು. "ಏ ಮಾಣಿಕ, ನಿನ್ ನಂಬರ್ ಒಂದನೇದು ಅದ, ಎಲ್ಲಿದ್ದೀಯೋ?"

ಇವರು ನಿಜ ಹೇಳಲಿಲ್ಲವೆಂದು ಕೆಲವರು ಆಡಿಕೊಳ್ಳುತ್ತಾರೆ. ಅದು ಸುಳ್ಳು. ಇವರು ಪ್ರತಿಯೊಬ್ಬರಿಗೂ ಹೇಳಿದರು. ಮೊದಮೊದಲು ಗಟ್ಟಿಯಾಗಿಯೇ ಹೇಳಿದರು. "ಇದು ನಾಟಕ, ನಾರ್ವೆ ದೇಶದ್ದು" ಎಂದಾಗ ಜನ ಕಣ್ಣು ಮಿಟುಕಿಸಿ, "ತಿಳಿತ್ರಿ. ನಾವೂ ಯಾರ ಮುಂದೂ ಹೇಳಂಗಿಲ್ಲ" ಎಂದರು. ಸಂಜೆಯ ಹೊತ್ತಿಗೆ ಇವರ ದನಿ ತಗ್ಗಿತು. ಅದಕ್ಕೆ ಕಾರಣ ಎದುರುಮನೆಯಲ್ಲಿತ್ತು.

ಆಯಿಯ ಮಗ ಹೈದರಾಬಾದಿನಲ್ಲಿ ಅಪಾರ್ಟ್‌ಮೆಂಟ್ ಕಾಯುತ್ತಾನೆ. ಶುಕ್ರವಾರ ಸಂಜೆಯ ರೈಲಿಗೆ ಬಂದುಬಿಡು ಎಂದು ಹೇಳಿ ಕಳಿಸಿದ್ದ. ಭಾನುವಾರದ ಪರೀಕ್ಷೆ ಮುಗಿಸಿ ಹೋಗು ಎಂದು ಇವರು ಬೇಡಿಕೊಂಡಿದ್ದರು. "ನಾಟಕ ಮಾಡ್ಲಾಕ ಬರ್ತದ ಅಣ್ಣಾ, ಬಾಯಿ ಒಣಗಿಸ್ಕೊಂಡು ಕೂಡ್ಲಾಕ ಬರೂದಿಲ್ಲ" ಎಂದು ಆಯಿ ಗಂಟು ಕಟ್ಟಿದ್ದಳು. ಅವಳು ಹೋದರೆ ಉಳಿಯುವುದು ಯುನುಸ ಮತ್ತು ಕೊಡಗಳು. ಗುರುವಾರ ಸಂಜೆ ಆಯಿ ಸಾಲನ್ನು ನೋಡಿದಳು. ತನ್ನ ಹೆಸರಿನ ಕೊಡ ನಾಲ್ಕನೆಯದೆಂದು ಕೇಳಿ ತಿಳಿದಳು. ಒಳಗೆ ಹೋಗಿ ಗಂಟು ಬಿಚ್ಚಿ, ತಟ್ಟೆ ಲೋಟ ಮತ್ತೆ ಗೂಡಿನಲ್ಲಿಟ್ಟಳು.

ಆ ತಟ್ಟೆಯ ಸದ್ದು ನಮ್ಮ ಮನೆಗೆ ಕೇಳಿಸಿತು.

"ಈಗ ಹೋಗಿ ಹೇಳ್ರಿ. ಗಾಡಿ ಬರೂದಿಲ್ಲ, ನಿನ್ನ ರೈಲ ತಪ್ಪಸ್ಕೊಬ್ಯಾಡ ಅನ್ರಿ" ಎಂದೆ.

ಇವರು ಬಾಗಿಲ ತನಕ ಹೋದರು. ಹೊಸ್ತಿಲ ಮೇಲೆ ನಿಂತು, ಆಯಿ ಗಾಡಿ ಬರೂದಿಲ್ಲ ಎಂದು ಹೇಳಿದರು. ಪಕ್ಕದಲ್ಲೇ ನಿಂತಿದ್ದ ನನಗೇ ಅದು ಕೇಳಿಸಲಿಲ್ಲ. ತುಟಿಯ ಚಲನೆಯಿಂದ ತಿಳಿದೆ.

ಶುಕ್ರವಾರ ಆಯಿಯ ರೈಲು ಆಯಿಯನ್ನು ಬಿಟ್ಟು ಹೋಯಿತು. ಇನ್ನೆರಡು ಮನೆಯವರೂ ಹೊರಟವರು ನಿಂತರು. ಹಲಬರ್ಗಾದಿಂದ ಒಂದು ಕುಟುಂಬ ಟಂಟಂ ಆಟೋ ಮಾಡಿಕೊಂಡು ಕೊಡಗಳ ಸಮೇತ ಬಂದಿಳಿಯಿತು. ಸಾಲು ಗಂಜಿನ ಗೋಡೆಯನ್ನು ಸುತ್ತಿ ಹೋಯಿತು. ಕಲ್ಲು, ಚಪ್ಪಲಿ, ಹರಿದ ಚೀಲ, ಒಡೆದ ಹೆಲ್ಮೆಟ್, ಎಲ್ಲವೂ ಆಳಾಗಿ ನಿಂತವು.

ನಾನು ಕಿಟಕಿ ಬಿಟ್ಟು ಸರಿಯಲಿಲ್ಲ. ಜನ ಸಿಟ್ಟಾಗುವ ಗಳಿಗೆ ಯಾವುದೆಂದು ಕಾಯುತ್ತಿದ್ದೆ. ಅದು ಬರಲಿಲ್ಲ. ಬದಲಿಗೆ ಸಂಜೆ ಬಿಸಿಲು ಇಳಿಯುತ್ತಿದ್ದಂತೆ, ಬೀಗ ಹಾಕಿದ ಮನೆಗಳ ಕಟ್ಟೆಗಳ ಮೇಲೆ ಜನ ಕೂತರು. ಯುನುಸನ ತಾಯಿ ಕೆಟಲಿನಲ್ಲಿ ಚಹಾ ತಂದಳು, ಒಬ್ಬೊಬ್ಬರಿಗೆ ಎರಡೆರಡು ಗುಟುಕು. ತಿಂಗಳುಗಟ್ಟಲೆ ಮುಖ ನೋಡದವರು ತೊಡೆಗೆ ತೊಡೆ ತಾಗಿಸಿ ಕೂತು, ಮಾತು ಮುಗಿದ ಮೇಲೂ ಎದ್ದು ಹೋಗಲಿಲ್ಲ. ಸಾಲಿನ ಉದ್ದಕ್ಕೂ ಹಿತ್ತಾಳೆ, ಸ್ಟೀಲು, ನೀಲಿ ಹಸಿರು ಪ್ಲಾಸ್ಟಿಕ್ಕಿನ ಕೊಡಗಳು ಬಾಯಿ ತೆರೆದು ಆಕಾಶ ನೋಡುತ್ತಿದ್ದವು. ಬಿಸಿಗಾಳಿ ಅವುಗಳ ಬಾಯಿ ಮೇಲೆ ಹಾದಾಗ ಸಣ್ಣಗೆ "ಊ" ಎಂಬ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿತ್ತು. ಯಾರೋ ದೂರದ ಊರಿನಿಂದ ಓಣಿಯನ್ನು ಕೂಗಿ ಕರೆದ ಹಾಗೆ.

"ಪುಸ್ತಕದಾಗ ಇದೇ ಅದ ನೋಡು" ಎಂದರು ಇವರು, ನನ್ನ ಹಿಂದೆ ಬಂದು ನಿಂತು. "ಎರಡು ಸಲ ಓದಿದ್ರೂ ತಿಳಿದಿರ್ಲಿಲ್ಲ."

"ತಿಳಿದಾದಲ್ಲ. ಇನ್ನ ಹೋಗಿ ಹೇಳ್ರಿ."

"ನಾಳಿ ಹೇಳ್ತೇನಿ."

ಶನಿವಾರ ಬೆಳಿಗ್ಗೆ ಇವರು ಹೇಳುವುದಕ್ಕೇ ಹೋದರು. ಆದರೆ ಮೊದಲು, ಮರುದಿನ ಬೀದರಿಗೆ ಎಷ್ಟು ಗಂಟೆಯ ಬಸ್ಸು ಎಂದು ಆಯಿಗೆ ತಿಳಿಸಿದರು.

"ನಂಬರ್ ಬಿಟ್ಟು ನಾ ಹ್ಯಾಂಗ ಬರ್ಲಿ ಅಣ್ಣಾ?" ಎಂದಳು ಆಯಿ. "ನಾಲ್ಕನೇದು ಅದ. ಗಾಡಿ ಬಂದಾಗ ನಾ ಬೀದರದಾಗ ನಾರ್ವೆ ಮಾಡ್ಕೋತ ಕೂಡ್ಲೇನು?"

ಆಯಿಯನ್ನು ಊರಲ್ಲಿ ಉಳಿಸಿದ ಕೊಡವೇ ಆಯಿಯನ್ನು ಬಸ್ಸು ಹತ್ತಲು ಬಿಡಲಿಲ್ಲ. ಗಾಡಿ ಇಲ್ಲವೆಂದರೆ ಅವಳು ಹೈದರಾಬಾದಿಗೆ ಹೋಗುತ್ತಾಳೆ, ಇದೆಯೆಂದರೆ ಬೀದರಿಗೆ ಬರುವುದಿಲ್ಲ. ಇವರು ಬೆವರು ಒರೆಸಿಕೊಳ್ಳುತ್ತ ಗೋರಖನಾಥ ಸರ್‌ಗೆ ಫೋನ್ ಮಾಡಿದರು. ಪುಣ್ಯಕ್ಕೆ ಪರೀಕ್ಷಕರು ಪುಣೆಯ ಮಗಳ ಮನೆಗೆ ಹೋಗುವವರಿದ್ದು, ಭಾಲ್ಕಿಯಲ್ಲೇ ರೈಲು ಹತ್ತುವುದು ಅವರಿಗೂ ಅನುಕೂಲವಂತೆ. ಭಾಲ್ಕಿಗೇ ಬಂದು ನೋಡಿ ಮುಂದೆ ಹೋಗುತ್ತಾರೆ ಎಂದು ತೀರ್ಮಾನವಾಯಿತು. ಯಾರು ಅವರು ಎಂದು ಇವರು ಕೇಳಿದರು. ಹೊರಗಿನ ಪರೀಕ್ಷಕರ ಹೆಸರು ಗುಪ್ತ, ಹೇಳುವ ಹಾಗಿಲ್ಲ ಎಂದರು ಸರ್.

ಫೋನ್ ಇಟ್ಟಾಗ ಎದುರಿಗೆ ಶಿವರಾಜಪ್ಪ ನಿಂತಿದ್ದರು. ಅವರು ನಮ್ಮ ಊರಿನ ನೀರು ನೋಡಿಕೊಳ್ಳುವ ಅಧಿಕಾರಿ. ಸ್ಕೂಟರಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು. ಸಾಲಿನ ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿ ಬಂದಿದ್ದರು.

"ಮಚ್ಛೇಂದ್ರ ಅವರ, ಯಾರು ಕಳಸ್ಲಾಕತ್ತಾರ್ರಿ ಗಾಡಿ? ನನಗ ಆರ್ಡರ್ ಇಲ್ಲ."

"ಯಾರೂ ಕಳಿಸಿಲ್ರಿ. ಇದು ನಾಟಕ."

ಶಿವರಾಜಪ್ಪನವರದು ಹಳೇ ಸರ್ವಿಸು. "ಅದು ನನಗ ತಿಳಿತದ್ರಿ. ನಮ್ ಆಫೀಸನ್ಯಾಗ ನಾಟಕ ಬಿಟ್ಟು ಬ್ಯಾರೇ ಏನು ನಡೀತದ ಮತ್ತ? ನಾಳಿ ಯಾರು ಬರ್ಲಾಕತ್ತಾರ, ಅದೊಂದು ಹೇಳ್ರಿ. ಫೋನ್ ಕೇಳ್ದೆ."

"ಒಬ್ಬರು ಬರ್ತಾರ್ರಿ. ಹೊರಗಿನವರು. ನೋಡ್ತಾರ, ಬರ್ಕೋತಾರ, ಹೋಗ್ತಾರ."

"ಹೆಸರು?"

"ಗುಪ್ತ ಅದ ಅಂತ್ರಿ. ನನಗೂ ಹೇಳಿಲ್ಲ."

ಆ ಬೇಸಿಗೆಯಲ್ಲಿ ಬರ ನೋಡುವ ತಂಡಗಳು ಜಿಲ್ಲೆಯಲ್ಲಿ ಓಡಾಡುತ್ತಿದ್ದವು. ಮುಂಚೆ ತಿಳಿಸಿ ಬರುವ ತಂಡಕ್ಕೆ ಅಧಿಕಾರಿಗಳು ಹೆದರುವುದಿಲ್ಲ, ಹಾರ ತಂದಿಡುತ್ತಾರೆ. ಹೆಸರು ಹೇಳದೆ ಒಬ್ಬನೇ ಬರುವವನು ಬೇರೆ. ಶಿವರಾಜಪ್ಪ ನೆಲದ ಮೇಲಿದ್ದ ಕಾಲನ್ನೂ ಎತ್ತಿ ಸ್ಕೂಟರ್ ಹೊಡೆದರು. ಅವರು ಮೇಲಿನವರಿಗೆ ಹೇಳಿದರು. ಗೊತ್ತಿಲ್ಲ ಎಂದರೆ ತಪ್ಪಾಗುತ್ತದೆಂದು ಮೇಲಿನವರು, "ಹೌದು, ಸುದ್ದಿ ಅದ" ಎಂದರು. ಅದರ ಮೇಲಿನವರು, "ನಾನೇ ಹೇಳ್ಬೇಕಂತಿದ್ದೆ" ಎಂದರು. ಸಂಜೆಯ ಹೊತ್ತಿಗೆ ಟ್ಯಾಂಕರ್ ಓಡಿಸುವ ಅಯ್ಯುಬನಿಗೆ ಅಪ್ಪಣೆಯಾಯಿತು. ಸುಮ್ಮನೆ ಹೋಗಿ ನಿಲ್ಲಿಸಬೇಡ. ಬಂದವರು ನೋಡುತ್ತಿರಬೇಕು, ಆಗ ಬಾ.

ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಭಾನುವಾರ ಬೆಳಿಗ್ಗೆ ಪುಣೆಯ ರೈಲಿನಿಂದ ಮಾಣಿಕ ಮತ್ತು ಕಾಂತಾಬಾಯಿ ಇಳಿದು ಬಂದದ್ದು.

"ನಮ್ಮ ನಂಬರ್ ಹಿಡಿದಿರಂತಲ್ರಿ ಅಣ್ಣಾ" ಎಂದ ಮಾಣಿಕ, ಕಣ್ಣು ತುಂಬಿಕೊಂಡು. "ಒಡಹುಟ್ಟಿದವರೂ ಹಿಡಿಯಂಗಿಲ್ಲ. ಕೆಲಸಕ್ಕ ಒಯ್ದ ಮುಕಾದಮನ ಕೂಡ ಜಗಳಾ ಮಾಡಿ ಬಂದೇವಿ."

ಇವರು ಅವರಿಬ್ಬರನ್ನು ಅವರವರ ಕೊಡದ ಪಕ್ಕದಲ್ಲಿ ಕೂರಿಸಿದರು. ಪಾತ್ರವರ್ಗ ಪೂರ್ತಿಯಾಯಿತು. ನಾನು ಒಳಗೆ ಹೋಗಿ ಪೆಟ್ಟಿಗೆಯಲ್ಲಿ ನನ್ನ ಎರಡು ಸೀರೆ ಇಟ್ಟುಕೊಂಡೆ. ಜನ ಬೆನ್ನಟ್ಟಿದರೆ ಹಿತ್ತಲ ಬಾಗಿಲಿನಿಂದ ತವರಿಗೆ ಹೋಗಲು ಅನುಕೂಲ.

ಹನ್ನೊಂದರ ಸುಮಾರಿಗೆ ಕಾರು ಬಂತು. ಗೋರಖನಾಥ ಸರ್ ಜೊತೆಗೆ ಬಿಳಿ ಅಂಗಿಯ, ಹೆಗಲಿಗೆ ಚೀಲ ಹಾಕಿದ ವಯಸ್ಸಾದವರೊಬ್ಬರು ಇಳಿದರು. ಮೈಸೂರು ಕಡೆಯವರು. ಅವರು ಚೀಲದಿಂದ ಪೆನ್ನು ತೆಗೆದದ್ದೇ, ಗಂಜಿನ ಮೂಲೆಯಲ್ಲಿದ್ದ ಶಿವರಾಜಪ್ಪ ಸಾಲಿನ ಉದ್ದಕ್ಕೂ ಬಗ್ಗಿ ಓಡುತ್ತ, "ಸುಮ್ ಕೂಡ್ರಿ, ಯಾರೂ ಜಗಳಾಡಬ್ಯಾಡ್ರಿ, ಬಡವರಂಗ ಕೂಡ್ರಿ" ಎಂದು ಪಿಸುಗುಟ್ಟಿದರು. ಓಣಿ ಸ್ತಬ್ಧವಾಯಿತು.

ಪರೀಕ್ಷಕರು ಯುನುಸನ ಬೆಂಚಿನ ಮೇಲೆ ಕೂತು, ಕಣ್ಣು ಹೋದಷ್ಟು ದೂರ ನೋಡಿದರು. "ಇಷ್ಟೊಂದು ಪಾತ್ರಗಳೇ?"

"ಮೂಲದಾಗ ನಾಲ್ಕೇ ಇದ್ವು ಸರ್" ಎಂದರು ಇವರು, ಪ್ರಾಮಾಣಿಕವಾಗಿ.

"ಹೂಂ. ಶುರು ಮಾಡಿ."

ಅದು ಯಾವಾಗ ಶುರುವಾಯಿತೆಂದು ನನಗೆ ಹೇಳಲು ಬರುವುದಿಲ್ಲ. ಯಾಕೆಂದರೆ ಯಾರೂ ಏನೂ ಮಾಡಲಿಲ್ಲ. ಆಯಿ ಕೊಡದ ಮೇಲೆ ಅಂಗೈ ಇಟ್ಟು ರಸ್ತೆಯ ಕಡೆ ನೋಡುತ್ತಿದ್ದಳು. ಯುನುಸ ಕೆನ್ನೆಗೆ ಏನನ್ನೋ ಹಿಡಿದವನಂತೆ ಕಣ್ಣು ಮುಚ್ಚಿದ್ದ. ಮೂರು ದಿನ ಕಾದವರ ಮುಖದ ಮೇಲೆ ಬೇವಿನ ಎಲೆಯ ನೆರಳು ಹಿಮದಂತೆ ಮೆಲ್ಲಗೆ ಅಲುಗುತ್ತಿತ್ತು. ನಾನು ಹಿಮ ನೋಡಿದವಳಲ್ಲ, ಆದರೂ ಹಾಗೆನಿಸಿತು. ಗಾಳಿ ಬಂತು. ಕೊಡಗಳು ಒಂದೊಂದಾಗಿ ಊಗುಟ್ಟಿದವು.

"ಬರ್ತದೇನು?" ಎಂದಳು ಆಯಿ. ಅದು ನಾಟಕದ ಮಾತು.

ಮಾಣಿಕ ಹೇಳಬೇಕಾದ ಉತ್ತರವನ್ನು ಸಾಲಿನಲ್ಲಿ ಯಾರೋ ಹೇಳಿದರು, "ಬರ್ತದ ಆಯಿ."

ಅದರಾಚೆಯವರು, "ಬರ್ತದ." ಮತ್ತೂ ಆಚೆ, ಗೋಡೆಯ ಮರೆಯಿಂದ, ಒಂದು ಹೆಣ್ಣುದನಿ, "ಬರ್ತದ." ಆ ಮಾತು ಮೂಲೆ ತಿರುಗಿ ಕಾಣದಾಯಿತು. ಪರೀಕ್ಷಕರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪೆನ್ನು ಕೆಳಗೆ ಬಿದ್ದದ್ದು ಅವರಿಗೆ ತಿಳಿಯಲಿಲ್ಲ. ಗೋರಖನಾಥ ಸರ್ ಇವರ ಕಡೆ ತಿರುಗಿ ಮೆಲ್ಲಗೆ ತಲೆಯಾಡಿಸಿದರು. ಮೂರು ವರ್ಷಗಳಲ್ಲಿ ಮೊದಲ ಸಲ ಇವರ ಮುಖ ಪಾಸಾದವರ ಮುಖದಂತೆ ಕಂಡಿತು.

ಆಗ ಗಂಜಿನ ಮೂಲೆಯಲ್ಲಿ ಹಾರ್ನು ಕೇಳಿಸಿತು.

ಅಯ್ಯುಬ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದ. ಟ್ಯಾಂಕರ್ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ. ಮಗ, ಸೊಸೆ, ಅತಿಥಿ ಮೂವರೂ ಏಕಕಾಲಕ್ಕೆ ಪೈಪು ಹಿಡಿದರು. ನಾರ್ವೆಯ ಮುದುಕಿ ಸೀರೆ ಮೇಲಕ್ಕೆ ಸಿಕ್ಕಿಸಿ, "ನಾಕನೇ ನಂಬರ್ ನಂದು, ಯಾವಳಕಿ ಒಳಗ ತೂರಿದಾಕಿ?" ಎನ್ನುತ್ತ ಮೊಣಕೈ ಬೀಸಿದಳು. ಪರೀಕ್ಷಕರ ಬಿಳಿ ಅಂಗಿ ಎದೆಯವರೆಗೆ ತೊಯ್ದಿತು. ಒಣಗಿದ ಮಣ್ಣಿಗೆ ನೀರು ಬಿದ್ದ ವಾಸನೆ ಓಣಿಯಲ್ಲೆಲ್ಲ ಎದ್ದಿತು. ಒಂದು ಗಳಿಗೆ ನಾನೂ ಎಲ್ಲ ಮರೆತು ಬಕೆಟು ಹಿಡಿದು ಓಡಿದೆ.

ಗದ್ದಲ ಇಳಿದ ಮೇಲೆ ಪರೀಕ್ಷಕರು ಇವರನ್ನು ಬೆಂಚಿನ ಬಳಿ ಕರೆದರು. ಕೆಲವು ಹೆಜ್ಜೆ ದೂರದಲ್ಲಿ ಶಿವರಾಜಪ್ಪ ಕೈಕಟ್ಟಿ ನಿಂತರು.

"ನೋಡಿ, ನನ್ನ ಅನುಭವದಲ್ಲಿ ಇಂಥ ಮೌನವನ್ನು ರಂಗದ ಮೇಲೆ ಕಂಡಿರಲಿಲ್ಲ. ಆದರೆ ಒಂದು ಪ್ರಶ್ನೆ. ಕೊನೆಗೆ ಆ ವಾಹನ ಯಾಕೆ ಬಂತು?"

"ನಾ ಕರ್ಸಿಲ್ಲ ಸರ್."

"ನಿರ್ದೇಶಕರು ಹಾಗೆ ಹೇಳಬಾರದು. ಮೂಲದಲ್ಲಿ ಅದು ಬರುವುದಿಲ್ಲ. ಈ ಬಗೆಯ ನಾಟಕದಲ್ಲಿ ಯಾವುದೂ ಬರುವುದಿಲ್ಲ. ಅದೇ ಅದರ ಜೀವ. ನೀವು ಕಂಪನಿ ನಾಟಕದ ಹಾಗೆ ಸುಖಾಂತ ಮಾಡಿಬಿಟ್ಟಿರಿ. ಅದು ಬಂದದ್ದು ದೊಡ್ಡ ತಪ್ಪು."

ಶಿವರಾಜಪ್ಪನವರಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ತಪ್ಪ ತಿಳ್ಕೊಬ್ಯಾಡ್ರಿ. ಇವತ್ತೇ ಬಂದಿಲ್ರಿ. ದಿನಾ ಬರ್ತದ."

"ದಿನಾ ಬಂದರೆ ನಾಟಕವೇ ಇಲ್ಲವಲ್ಲ" ಎಂದು ಪರೀಕ್ಷಕರು ಬೇಸರದಿಂದ ಹೇಳಿ, ಹಾಳೆಯ ಮೇಲೆ ಏನೋ ಬರೆದು, ಅಡಿಗೆರೆ ಎಳೆದು, ತೊಯ್ದ ಅಂಗಿಯಲ್ಲೇ ಸ್ಟೇಷನ್ನಿಗೆ ಹೊರಟರು. ಆ ಅಡಿಗೆರೆಯನ್ನು ಶಿವರಾಜಪ್ಪ ಕಣ್ಣಾರೆ ಕಂಡರು.

ಇವರು ನಪಾಸಾದರು. ಫಲಿತಾಂಶ ಬಂದ ದಿನ ಬಸವರಾಜ ಫೋನ್ ಮಾಡಿ ಸಾಂತ್ವನ ಹೇಳಿದ, ನಗುವನ್ನು ಅರ್ಧ ನುಂಗಿಕೊಂಡು. ಇವರು ಊಟ ಮಾಡಲಿಲ್ಲ.

ಆದರೆ ಸಿಟ್ಟಾಗಿ ಹೋದ ಆ ಹೊರಗಿನವರು ಎಲ್ಲಿಗೆ ವರದಿ ಕಳಿಸಿದರು, ಅದು ಎಂದು ಬಂದು ತಲೆಯ ಮೇಲೆ ಬೀಳುತ್ತದೆ ಎಂಬುದು ಶಿವರಾಜಪ್ಪನವರಿಗೆ ತಿಳಿಯಲಿಲ್ಲ. ದಿನಾ ಬರುತ್ತದೆಂದು ಬಾಯಿಬಿಟ್ಟು ಹೇಳಿದ್ದರು. ವರದಿ ಬರುವತನಕ ಆ ಮಾತು ನಿಜವಾಗಿರಬೇಕು. ಅಂದಿನಿಂದ ಅಯ್ಯುಬನ ಟ್ಯಾಂಕರ್ ಪ್ರತಿದಿನ ಬೇವಿನ ಗಿಡದ ಕೆಳಗೆ ನಿಲ್ಲತೊಡಗಿತು. ಮಾಣಿಕ ಪುಣೆಗೆ ಹೋಗಲಿಲ್ಲ. ಆಯಿಯ ಮಗ ಹೈದರಾಬಾದಿನಿಂದ ಬೈಯಲು ಬಂದವನು ಸ್ನಾನ ಮಾಡಿಕೊಂಡು ಹೋದ.

ಮೃಗಶಿರ ಹತ್ತಿರ ಬಂದರೂ ಮೋಡ ಕಾಣದ ಒಂದು ಬೆಳಿಗ್ಗೆ ಇವರು ಪೈಪಿನ ಬಳಿ ನಿಂತು, ಮತ್ತೆ ಹೊಸದಾಗಿ ಹೆಸರು ಹಚ್ಚಿರುವುದಾಗಿಯೂ, ಅದೇ ವಿಷಯ, ಅದೇ ನಾಟಕವೆಂದೂ ಹೇಳಿದರು.

ಆಯಿಗೆ ಸಂತೋಷವಾಯಿತು. "ಮಾಡೂಣು ಅಣ್ಣಾ. ಗಾಡಿ ಬಂತಂತ ನಪಾಸ ಮಾಡಿದ್ರಲ್ಲ, ಈ ಸಲ ಅಯ್ಯುಬಗ ಮುಂಚೇನೇ ಹೇಳಿಬಿಡ್ತೇನಿ. ಪರೀಕ್ಷಾ ದಿನ ಒಂದಿನ ಬರಬ್ಯಾಡೋ ಅಂತ."

ಅಯ್ಯುಬ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. "ಹಂಗ ಬರಂಗಿಲ್ಲ ಅನ್ಲಾಕ ಬರೂದಿಲ್ಲ ಆಯಿ. ಬರಬ್ಯಾಡ ಅಂದ್ರ ಲಿಖಿತ್ ಅರ್ಜಿ ಕೊಡ್ಬೇಕು."

ಅರ್ಜಿ ಎಂಬ ಮಾತು ಕಿವಿಗೆ ಬಿದ್ದರೆ ಗುಮಾಸ್ತರ ಕೈ ಸುಮ್ಮನಿರುವುದಿಲ್ಲ. ಇವರು ಒಳಗೆ ಬಂದು ಕೂತು, ಮುಂದೆ ಬರುವ ನಾಟಕದ ಪರೀಕ್ಷೆಯ ದಿನ ಗಂಜ್ ಹಿಂದಿನ ಓಣಿಗೆ ದಯವಿಟ್ಟು ನೀರಿನ ಟ್ಯಾಂಕರ್ ಕಳಿಸಬಾರದೆಂದು ಸುಂದರವಾದ ಅಕ್ಷರಗಳಲ್ಲಿ ಒಂದು ಅರ್ಜಿ ಬರೆದರು. ದಿನಾಂಕ ಇನ್ನೂ ಗೊತ್ತಿಲ್ಲದ್ದರಿಂದ ಆ ಜಾಗ ಖಾಲಿ ಬಿಟ್ಟರು. ಸಹಿ ಹಾಕಿ, ಟಪಾಲಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟು ಔರಾದದ ಬಸ್ಸು ಹಿಡಿದರು.

ನಾನು ಹಾಕಿಲ್ಲ. ಹಾಕುವುದೂ ಇಲ್ಲ. ನೀರು ಕೊಡಿ ಎಂಬ ಅರ್ಜಿಗಳನ್ನು ಓಣಿಯವರು ಎಷ್ಟೋ ವರ್ಷಗಳಿಂದ ಕೊಡುತ್ತ ಬಂದಿದ್ದಾರೆ, ಅವು ಎಲ್ಲಿವೆಯೋ ಯಾರಿಗೂ ತಿಳಿಯದು. ಆದರೆ ನೀರು ಬೇಡ ಎಂಬ ಅರ್ಜಿಯೊಂದು ತಾರೀಖಿಲ್ಲದೆ ಶಿವರಾಜಪ್ಪನವರ ಕಚೇರಿಗೆ ಹೋದರೆ, ಅದೇ ದಿನ ಮಂಜೂರಾಗುತ್ತದೆ.